ಸಾಲಗಾರ ಚಿಟ್ಟೆ

ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿದ್ದ ಮಂಜನ್ನು ಟೇಲರಕ್ಕ ಮರದ ಸೌಟಿನ ಹಿಡಿಯಿಂದ ಕೆರೆದು ಬಕೆಟ್ಟಿಗೆ ಬೀಳಿಸುತ್ತಿದ್ದಾಗ ಮಗಳು ಚಪ್ಪಲಿ ಸಮೇತ ಅಡುಗೆಮನೆಗೆ ನುಗ್ಗಿದಳು.

“ಅಮ್ಮಾ, ಅಪ್ಪನ ಫೋಟೋ ಆಯ್ಕೆ ಆಗಿದೆ! ಕ್ಯಾಲೆಂಡರಿನ ಮುಖಪುಟಕ್ಕೇ ಹಾಕ್ತಾರಂತೆ. ಸಂಘದ ಡಾಕ್ಟರು ಅಂಗಡಿಗೇ ಬಂದು ಹೇಳಿದ್ರು!”

“ಚಪ್ಪಲಿ,” ಎಂದಳು ಟೇಲರಕ್ಕ.

“ಅಯ್ಯೋ, ಚಪ್ಪಲಿ ಇರ್ಲಿ. ಕೇಳಿಸ್ಕೊಂಡ್ಯಾ ಇಲ್ವಾ?”

ಕೇಳಿಸಿತ್ತು. ಕೇಳಿಸಿದ್ದರಿಂದಲೇ ಅವಳು ತಲೆಯನ್ನು ಫ್ರಿಜ್ಜಿನೊಳಗೆ ಇನ್ನಷ್ಟು ತೂರಿಸಿದ್ದು. ಕೆಳಗಿನ ಖಾನೆಯ ಮೂಲೆಯಲ್ಲಿ, ಎಲೆಕೋಸಿನ ಹಿಂದೆ ಆ ಪ್ಲಾಸ್ಟಿಕ್ ಡಬ್ಬಿ ಇನ್ನೂ ಕೂತಿತ್ತು. ಮುಚ್ಚಳಕ್ಕೆ ಸೂಜಿಯಿಂದ ಚುಚ್ಚಿದ ತೂತುಗಳು. ಒಳಗೆ ಒಣಗಿ ಗಟ್ಟಿಯಾದ ಹತ್ತಿಯ ಚೂರು. ತೊಳೆದಿಡಬೇಕು, ತೊಳೆದಿಡಬೇಕು ಅಂದುಕೊಂಡೇ ವಾರಗಳು ಕಳೆದಿದ್ದವು. ಇವತ್ತೂ ಸುತ್ತಲಿನದನ್ನೆಲ್ಲ ಒರೆಸಿ, ಅದೊಂದನ್ನು ಮಾತ್ರ ಬಿಟ್ಟಿದ್ದಳು.

ಹೊಸ್ತಿಲ ಬಳಿ ಕಾಲು ಚಾಚಿ ಬಟಾಣಿ ಸುಲಿಯುತ್ತಿದ್ದ ಅತ್ತೆ ಕೇಳಿದಳು, “ಯಾವ ಫೋಟೋನೇ? ಆ ಸಾಲಗಾರಂದಾ?”

“ಹೂಂ ಅಜ್ಜಿ, ಅದೇ.”

“ಅಂತೂ ಸಿಕ್ಕಿಬಿದ್ದ ಅನ್ನು,” ಎಂದು ಮುದುಕಿ ಒಂದು ಬಟಾಣಿಯನ್ನು ಬಾಯಿಗೆ ಹಾಕಿಕೊಂಡು ಸೊಸೆಯ ಬೆನ್ನನ್ನೇ ನೋಡಿದಳು.

ಆ ಮನೆಯ ಯಜಮಾನನದು ಫ್ರಿಜ್ ರಿಪೇರಿ ಕೆಲಸ. ಬೀದಿಯವರಿಗೆ ಅವನು ಫ್ರಿಜ್ಜಣ್ಣ. ಹೆಂಡತಿ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ, ಕಿಟಕಿ ಪರದೆ, ಹರಿದದ್ದು ಬಿಚ್ಚಿದ್ದು ಎಲ್ಲ ಹೊಲಿಯುತ್ತಿದ್ದುದರಿಂದ ಟೇಲರಕ್ಕ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆಯ ಫ್ರಿಜ್ಜಂತೂ ಮೂರು ಸತ್ತ ಫ್ರಿಜ್ಜುಗಳಿಂದ ಎಬ್ಬಿಸಿ ನಿಲ್ಲಿಸಿದ ಒಂದು ಪ್ರಾಣಿ: ಬಾಗಿಲು ಬಿಳಿ, ಮೈ ಹಸಿರು, ಮೋಟಾರು ಯಾವುದೋ ಐಸ್‌ಕ್ರೀಮ್ ಅಂಗಡಿಯದು. ಗೊರಕೆ ಹೊಡೆಯುತ್ತಿತ್ತು. “ಊರಿನ ಫ್ರಿಜ್ಜಿಗೆಲ್ಲ ವೈದ್ಯ, ಮನೆಯದಕ್ಕೆ ಬರೀ ಭರವಸೆ,” ಎಂದು ಅತ್ತೆ ಮಗನನ್ನು ಆಡಿಕೊಳ್ಳುತ್ತಿದ್ದಳು.

ಹೀಗಿದ್ದವನಿಗೆ ಚಿಟ್ಟೆಯ ಹುಚ್ಚು ಹತ್ತಿದ್ದು ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬರು ಕೊಟ್ಟುಹೋದ ಹಳೆಯ ಕ್ಯಾಮೆರಾದಿಂದ. ಮೊದಲು ಹಿತ್ತಿಲಿನ ನಿಂಬೆ ಗಿಡದ ಮೇಲೆ ಕೂತದ್ದನ್ನು ತೆಗೆದ. ಆಮೇಲೆ ರೈಲು ಹಳಿಯ ಪಕ್ಕದ ಪೊದೆ, ಆಮೇಲೆ ಕಾಲುವೆ ದಂಡೆ, ಆಮೇಲೆ ಪಾಳುಬಿದ್ದ ಇಟ್ಟಿಗೆ ಗೂಡಿನ ಹಿಂದಿನ ಬಯಲು. ಭಾನುವಾರ ಬೆಳಿಗ್ಗೆ ಹೋದವನು ಊಟದ ಹೊತ್ತು ಮೀರಿ, ಪ್ಯಾಂಟಿನ ತುಂಬ ಮುಳ್ಳುಕಾಯಿ ಅಂಟಿಸಿಕೊಂಡು ಬರುತ್ತಿದ್ದ. ಅನ್ನ ಆರಿ ಬೇಳೆ ಗಟ್ಟಿಯಾಗಿರುತ್ತಿತ್ತು. “ಚಿಟ್ಟೆ ಹಿಂದೆ ಹೋದ ಗಂಡ, ಗಾಳಿ ಹಿಂದೆ ಹೋದ ಬಟ್ಟೆ, ಎರಡನ್ನೂ ಬೇಲಿಯಿಂದ ಬಿಡಿಸ್ಕೊಂಡೇ ಬರ್ಬೇಕು ಕಣೇ,” ಎಂಬುದು ಅತ್ತೆಯ ಮಾತು.

ಊರಿನಲ್ಲಿ ಇಂಥ ಹುಚ್ಚಿನವರ ಒಂದು ಸಂಘವೇ ಇತ್ತು. ನಿವೃತ್ತ ಹಲ್ಲಿನ ಡಾಕ್ಟರೊಬ್ಬರು ಅದರ ಕಾರ್ಯದರ್ಶಿ. ಸಂಘದವರೆಲ್ಲ ವರ್ಷಗಟ್ಟಲೆ ಬೆನ್ನು ಹತ್ತಿದ್ದ ಒಂದು ಚಿಟ್ಟೆಯಿತ್ತು. ರೆಕ್ಕೆ ಮುಚ್ಚಿ ಕೂತರೆ ಒಣಗಿದ ಎಲೆ. ಪಕ್ಕದಲ್ಲೇ ನಿಂತರೂ ತಿಳಿಯದು. ಹಾರಿದಾಗ ಮಾತ್ರ ಒಳಗಿನ ನೀಲಿ ಮಿಂಚಿ, ಅಯ್ಯೋ ಎನ್ನುವುದರೊಳಗೆ ಮಾಯ. ಕೂತಾಗ ರೆಕ್ಕೆ ಬಿಚ್ಚುವುದೇ ಇಲ್ಲ. ಮಗ ಅದನ್ನು ವರ್ಣಿಸಿದ್ದು ಕೇಳಿ ಅತ್ತೆಯೇ ಹೆಸರಿಟ್ಟಿದ್ದಳು: “ಮುಖ ತೋರ್ಸಿದ ಕೂಡ್ಲೇ ಓಟ ಕೀಳ್ತಾನೆ ಅಂದ್ರೆ ಅವನು ಸಾಲಗಾರನೇ ಸೈ.”

ಆ ಸಾಲಗಾರನಿಗಾಗಿ ಎರಡು ಭಾನುವಾರ ಮಾತು ತಪ್ಪಿತು. ಟೇಲರಕ್ಕನ ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಊರಿನ ಆ ತುದಿಗೆ ಹೋಗಿ ನೋಡಿಕೊಂಡು ಬರಬೇಕು, ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದ ಗಂಡ ಮೊದಲ ಭಾನುವಾರ ಮಧ್ಯಾಹ್ನಕ್ಕೆ ಬಂದ, ಎರಡನೆಯದಕ್ಕೆ ಸಂಜೆಗೆ. “ಇನ್ನೇನು ಕಣ್ಣು ಸರಿಹೋಗಿ ನಾನೇ ನಿಮ್ಮನೆಗೆ ನಡ್ಕೊಂಡು ಬರ್ತೀನಿ ಬಿಡು,” ಎಂದಳು ಅಕ್ಕ ಫೋನಿನಲ್ಲಿ. ಆ ಮಾತು ಟೇಲರಕ್ಕನಿಗೆ ಬೆರಳಿಗೆ ಚುಚ್ಚಿದ ಸೂಜಿಯಾಯಿತು.

ಮೂರನೆಯ ಶನಿವಾರ ಮುಸ್ಸಂಜೆ ಅವಳು ಹೊಲಿದಿಟ್ಟ ಪರದೆಯನ್ನು ಮಡಿಸಲು ಎತ್ತಿದರೆ, ಮಡಿಕೆಯೊಳಗಿಂದ ಒಂದು ಒಣ ಎಲೆ ಉದುರಿತು. ಉದುರಿದ್ದು ಕೆಳಗೆ ಬೀಳಲಿಲ್ಲ. ದೀಪಕ್ಕೆ ಒಂದು ಸುತ್ತು ಹಾಕಿ, ನೀಲಿಯಾಗಿ ಹೊಳೆದು, ಮತ್ತೆ ಎಲೆಯಾಗಿ ಗೋಡೆಗೆ ಅಂಟಿತು.

ಗಂಡ ಯಾರದೋ ಫ್ರಿಜ್ಜಿನ ಮುಂದೆ ಕೂತಿರುವ ಹೊತ್ತು. ಅವಳು ಲೋಟವನ್ನು ಕವುಚಿದಳು, ಕೆಳಗೆ ಒಂದು ರಟ್ಟು ತೂರಿಸಿದಳು. ಆಮೇಲೇನು? ಬಿಟ್ಟರೆ ಹೋಗುತ್ತದೆ. ಇಟ್ಟರೆ ಒದ್ದಾಡಿ ರೆಕ್ಕೆ ಹರಿದುಕೊಳ್ಳುತ್ತದೆ. ಆಗ ಅವಳಿಗೆ ನೆನಪಾದದ್ದು ಸಕ್ಕರೆ ಡಬ್ಬಿ. ಸಕ್ಕರೆಗೆ ಇರುವೆ ಮುತ್ತಿದರೆ ಅವಳು ಡಬ್ಬಿಯನ್ನು ಹಾಗೇ ಫ್ರಿಜ್ಜಿನಲ್ಲಿಟ್ಟುಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇರುವೆಗಳು ಮಂಕಾಗಿ, ಕುಂಚದಿಂದ ಗುಡಿಸಿದರೆ ಬರುತ್ತಿದ್ದವು. ಹೊರಗೆ ಚೆಲ್ಲಿದ ಮೇಲೆ ಬಿಸಿಲಿಗೆ ಎದ್ದು ಹೊರಟುಬಿಡುತ್ತಿದ್ದವು. ಇರುವೆಗೆ ಆದದ್ದು ಚಿಟ್ಟೆಗೂ ಆದೀತು. ಒಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ತೂತು ಚುಚ್ಚಿ ಚಿಟ್ಟೆಯನ್ನು ಅದರೊಳಗೆ ಬಿಟ್ಟು, ಬಾಯಾರಿದರೆ ಪಾಪ ಎಂದು ಒಂದು ಒದ್ದೆ ಹತ್ತಿಯನ್ನೂ ಹಾಕಿ ಫ್ರಿಜ್ಜಿನಲ್ಲಿಟ್ಟಳು.

ಬೆಳಿಗ್ಗೆ, ಗಂಡ ಹಿತ್ತಿಲಿನ ನಲ್ಲಿಯಲ್ಲಿ ಹಲ್ಲುಜ್ಜಲು ಬರುವ ಮೊದಲೇ, ಅವಳು ಚಮಚದಿಂದ ಅದನ್ನು ನಿಂಬೆ ಗಿಡದ ಬಿಸಿಲು ಬೀಳುವ ಟೊಂಗೆಯ ಮೇಲೆ ಕೂರಿಸಿ, ಖಾಲಿ ಡಬ್ಬಿಯನ್ನು ಮತ್ತೆ ಫ್ರಿಜ್ಜಿನ ಮೂಲೆಗೆ ತಳ್ಳಿ ಬಂದು ಕೂಗಿದಳು, “ರೀ! ನಿಮ್ಮ ಸಾಲಗಾರ ಮನೆ ಬಾಗಿಲಿಗೇ ಬಂದಿದ್ದಾನೆ ನೋಡಿ!”

ಅವನು ಬಾಯಲ್ಲಿ ಬ್ರಶ್ಶು, ಗಲ್ಲದಲ್ಲಿ ನೊರೆ ಇಟ್ಟುಕೊಂಡೇ ಕ್ಯಾಮೆರಾಕ್ಕೆ ಓಡಿದ. ಬಿಸಿಲು ತಾಗುತ್ತಲೇ ಚಿಟ್ಟೆ ನಡುಗಿತು. ಮೈ ಕಾಯಿಸಿಕೊಳ್ಳಲೆಂದು ರೆಕ್ಕೆಯನ್ನು ಪೂರ್ತಿ, ಪುಸ್ತಕ ತೆರೆದಂತೆ ಬಿಚ್ಚಿತು. ಅಂಥ ನೀಲಿಯನ್ನು ಯಾವ ಬಟ್ಟೆಯಲ್ಲೂ ಅವಳು ಕಂಡಿರಲಿಲ್ಲ. ಗಂಡನ ಮಂಡಿ ಮಣ್ಣಿನಲ್ಲಿ, ನೊರೆ ಅಂಗಿಯ ಮೇಲೆ.

ಅವತ್ತು ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೇಳಿದ ಹೊತ್ತಿಗೆ ಅಕ್ಕನ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಕ್ಕನಿಗೆ ಫೋಟೋ ತೋರಿಸಲು ಹೋಗಿ ಬೈಸಿಕೊಂಡ. ಟೇಲರಕ್ಕ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕಳು.

ಸಂಜೆ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದಾಗ ನಿಂಬೆ ಗಿಡದ ಬುಡದಲ್ಲಿ ಇರುವೆಗಳು ಒಂದು ನೀಲಿ ಚೂರನ್ನು ಎತ್ತಿ ನಿಲ್ಲಿಸಿಕೊಂಡು, ಹಾಯಿದೋಣಿಯ ಹಾಗೆ ಎಳೆದುಕೊಂಡು ಹೋಗುತ್ತಿದ್ದವು. ಅವಳು ಪೊರಕೆ ತಂದು ಗುಡಿಸಿದಳು. ಯಾರಿಗೂ ಹೇಳಲಿಲ್ಲ.

ಹೇಳದೆ ಇರುವುದು ಮೊದಮೊದಲು ಏನೂ ಕಷ್ಟವಾಗಲಿಲ್ಲ. ಈಗ, ಗಂಡ ಆ ಫೋಟೋವನ್ನು ಕಳಿಸಿದ್ದ ಸಂಘದ ಕ್ಯಾಲೆಂಡರಿನ ಸುದ್ದಿ ಬಂದು ಕೂತಿತು.

ಸುದ್ದಿ ಬಂದ ಮೊದಲ ವಾರವೆಲ್ಲ ಮನೆಗೆ ಬಂದವರಿಗೆ ಕಥೆಯೇ ಊಟ. “ಅದು ನನ್ನನ್ನ ನೋಡ್ತು, ನಾನು ಅದನ್ನ ನೋಡ್ದೆ,” ಎಂದು ಗಂಡ ಶುರು ಮಾಡುತ್ತಿದ್ದ. “ಇವನು ನಂಬಿಗಸ್ತ ಅಂತ ಅದಕ್ಕೆ ಅನ್ನಿಸಿರ್ಬೇಕು. ನಿಧಾನಕ್ಕೆ ಬಾಗಿಲು ತೆಗೆದ ಹಾಗೆ ರೆಕ್ಕೆ ಬಿಚ್ತು. ತಾಳ್ಮೆ ಬೇಕು ನೋಡಿ, ತಾಳ್ಮೆ!”

“ತಾಳ್ಮೆ ಎಲ್ಲಿಂದ ಬಂತೋ? ಹಲ್ಲುಜ್ಜೋ ಬ್ರಶ್ಶು ಇವತ್ತಿಗೂ ಸಿಕ್ಕಿಲ್ಲ,” ಎಂದು ಅತ್ತೆ ಒಳಗಿನಿಂದಲೇ ಒಗ್ಗರಣೆ ಹಾಕುತ್ತಿದ್ದಳು.

ಎಲ್ಲರೂ ನಗುತ್ತಿದ್ದರು. ಟೇಲರಕ್ಕ ಮೆಷಿನ್ನಿನ ಕಾಲನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದಳು.

ಆಮೇಲೆ ಸಂಘದಿಂದ ಅಂಚೆಯಲ್ಲಿ ಒಂದು ಕಾಗದ ಬಂತು. ಮಗಳು ಊಟದ ಹೊತ್ತಿನಲ್ಲಿ ಓದಿ ಹೇಳಿದಳು. ಚಿತ್ರ ತೆಗೆದ ಬಗೆಯನ್ನು ಸ್ವಂತ ಕೈಬರಹದಲ್ಲಿ ಬರೆದು ಕಳಿಸಬೇಕು. ಜೀವಿಯನ್ನು ಹಿಡಿದಿಲ್ಲ, ಕಟ್ಟಿಲ್ಲ, ತಣ್ಣಗೆ ಮಾಡಿಲ್ಲ, ಕೊಂದಿಲ್ಲ ಎಂದು ಸಹಿ ಹಾಕಬೇಕು. ಅದು ಬಾರದೆ ಅಚ್ಚಿಗೆ ಹೋಗುವಂತಿಲ್ಲ.

“ತಣ್ಣಗೆ ಮಾಡೋದು ಅಂದ್ರೆ?” ಎಂದು ಅತ್ತೆ ಕೇಳಿದಳು, ತಟ್ಟೆಯಿಂದ ತಲೆ ಎತ್ತದೆ.

“ಕೆಲವರು ಐಸಲ್ಲಿ ಇಡ್ತಾರಂತೆ ಅಜ್ಜಿ, ಅಲ್ಲಾಡ್ದೆ ಕೂರ್ಲಿ ಅಂತ. ಎಂಥಾ ಕಟುಕರು!”

ಟೇಲರಕ್ಕನ ಕೈಯಿಂದ ಮೊಟ್ಟೆ ಜಾರಿ ತಟ್ಟೆಯ ಆಚೆ ಉರುಳಿತು. ಗಂಡ ಅದನ್ನು ಹಿಡಿದು ಮತ್ತೆ ಅವಳ ತಟ್ಟೆಗಿಟ್ಟ.

“ನಾಳೆ ಬರೀತೀನಿ,” ಎಂದ.

ನಾಳೆ ಆಯಿತು, ನಾಡಿದ್ದು ಆಯಿತು. ಕಾಗದ ಮೊದಲು ಮೆಷಿನ್ನಿನ ಮೇಲಿತ್ತು, ಆಮೇಲೆ ಗಡಿಯಾರದ ಹಿಂದೆ ಸೇರಿತು, ಆಮೇಲೆ ಅವನ ಸಾಮಾನಿನ ಚೀಲಕ್ಕೆ ಹೋಗಿ ಗ್ರೀಸು ಮೆತ್ತಿಕೊಂಡಿತು. ಮಗಳು ದಿನವೂ ಕೇಳುವಳು. “ಅಪ್ಪಾ, ನಾಲ್ಕು ಸಾಲು ಬರಿಯೋಕೆ ಇಷ್ಟು ದಿನವಾ? ನೀನು ಹೇಳು, ನಾನು ಬರೀತೀನಿ.”

“ನನ್ನ ಕೈಬರಹವೇ ಆಗ್ಬೇಕಂತಲ್ಲ.”

“ಹಾಗಾದ್ರೆ ಬರಿ!”

“ಪೆನ್ನು ಸರಿ ಇಲ್ಲ.”

ಗಂಡನಿಗೆ ಬರೆಯುವುದೆಂದರೆ ಮೊದಲಿನಿಂದಲೂ ಸೋಮಾರಿತನ. ಗಿರಾಕಿಗಳ ರಸೀತಿಯನ್ನೂ ಹೆಂಡತಿಯೇ ಬರೆದುಕೊಡುತ್ತಿದ್ದಳು. ಅದನ್ನು ನೆನೆದು ಟೇಲರಕ್ಕ ಸಮಾಧಾನ ಮಾಡಿಕೊಂಡಳು. ಬರೆಯದಿದ್ದರೆ ಒಳ್ಳೆಯದೇ. ಬರೆದನೆಂದರೆ ಅವನು ಸುಳ್ಳಿಗೆ ಸಹಿ ಹಾಕಿದ ಹಾಗೆ, ಅದೂ ತಿಳಿಯದೆ. ಹಾಕಿಸಿದವಳು ತಾನು. ಹೇಳಿಬಿಡೋಣವೆಂದರೆ ಅವನ ಮುಖ ಕಣ್ಣೆದುರು ಬರುತ್ತಿತ್ತು: ನಂಬಿಗಸ್ತ ಅಂತ ಅದಕ್ಕೆ ಅನ್ನಿಸಿರಬೇಕು ಎನ್ನುವಾಗಿನ ಮುಖ. ಬೀದಿಯಲ್ಲಿ ಇಷ್ಟು ವರ್ಷ ಅವನನ್ನು ಜನ ಕರೆದದ್ದು ಹಾಲು ಒಡೆದಾಗ ಮಾತ್ರ. ಈಗ ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದರು.

ಅವಳ ಕೈ ತಪ್ಪತೊಡಗಿತು. ಒಂದು ಯೂನಿಫಾರಮ್ಮಿಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದುಬಿಟ್ಟಳು. ಮಗುವಿನ ತಾಯಿ ಅಂಗಿಯನ್ನು ಎತ್ತಿಹಿಡಿದು, “ಟೇಲರಕ್ಕ, ನನ್ನ ಮಗು ಏನು ಯಾವಾಗಲೂ ಒಂದೇ ಕಡೆಗೆ ತಿರುಗ್ಕೊಂಡು ಇರ್ಬೇಕಾ?” ಎಂದಾಗ ನಗಲೂ ಬರಲಿಲ್ಲ. ಹಾಲು ಉಕ್ಕಿತು. ಮಗಳ ಮೇಲೆ ರೇಗಿದಳು. ಅತ್ತೆಯ ಚಹಾಕ್ಕೆ ಸಕ್ಕರೆ ಎರಡು ಸಲ ಬಿತ್ತು.

ಅತ್ತೆ ಕುಡಿದು ಲೋಟ ಕೆಳಗಿಟ್ಟು ಹೇಳಿದಳು, “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.”

“ಯಾರ ವಿಷಯ ಅತ್ತೆ?”

“ಯಾರದೋ. ನಿನ್ನ ಹೆಗಲು ಯಾಕೆ ಅಲ್ಲಾಡ್ತಿದೆ?”

ಮುದುಕಿ ದನಿ ತಗ್ಗಿಸಿದಳು. “ಅವತ್ತು ಬೆಳಿಗ್ಗೆ ಹಾಲಿಗೆ ಅಂತ ಫ್ರಿಜ್ಜು ತೆಗ್ದೆ. ಡಬ್ಬಿ ಕಂಡಿತು. ಸೊಸೆ ಏನೋ ಹೊಸ ಅಡುಗೆ ಮಾಡೋಳಿದ್ದಾಳೆ ಅಂದ್ಕೊಂಡು ಮುಚ್ಚಳ ಎತ್ತಿದ್ರೆ, ಸಾಲಗಾರ ಮಲಗಿದ್ದ.”

“ಅಯ್ಯೋ ಅತ್ತೆ! ಮತ್ತೆ ಇಷ್ಟು ದಿನ…”

“ಬಾಯಿ ಬಿಟ್ರೆ ಬಣ್ಣಗೇಡು. ನನ್ನ ಮಗ ಅಷ್ಟು ಖುಷಿಯಾಗಿದ್ದದ್ದು ಅವನ ಮದುವೆ ದಿನಾನೂ ನಾನು ನೋಡಿರ್ಲಿಲ್ಲ. ತಪ್ಪು ತಿಳ್ಕೋಬೇಡ.”

“ಈಗ ಏನು ಮಾಡ್ಲಿ?”

“ನನ್ನ ಕೇಳ್ಬೇಡ. ಬಟಾಣಿ ಸುಲಿಯೋಕೆ ಕೊಡು, ಸುಲೀತೀನಿ.”

ಒಂದು ಸಂಜೆ ಡಾಕ್ಟರೇ ಬಂದರು, ಕಂಕುಳಲ್ಲಿ ದೊಡ್ಡ ಲಕೋಟೆ. ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಚೌಕಟ್ಟು ಹಾಕಿಸಿ ತಂದಿದ್ದರು. ಎಲ್ಲರೂ ಸುತ್ತ ನಿಂತರು. ಕೈಯಗಲದ ನೀಲಿ, ಅದರ ತುಂಬ ಸೂಜಿಮೊನೆಯಂಥ ಹನಿಗಳು.

“ಈ ಇಬ್ಬನಿ ನೋಡಿ!” ಡಾಕ್ಟರು ಕನ್ನಡಕ ಎತ್ತಿ ಬಗ್ಗಿದರು. “ಒಂದೊಂದು ಹನಿಯೊಳಗೂ ಸೂರ್ಯ ಕೂತಿದ್ದಾನೆ. ನಾನು ಇಷ್ಟು ವರ್ಷ ಅಲೆದಿದ್ದೀನಿ, ನನಗೆ ಒಂದು ದಿನ ಸಿಗಲಿಲ್ಲ. ಅದೃಷ್ಟ ಅಂದ್ರೆ ಇದು.”

“ಹೂಂ,” ಎಂದ ಗಂಡ. ಅವನು ಫೋಟೋವನ್ನು ನೋಡುತ್ತಿರಲಿಲ್ಲ. ಗೋಡೆಯಲ್ಲಿ ಮೊಳೆ ಎಲ್ಲಿ ಹೊಡೆಯುವುದೆಂದು ನೋಡುತ್ತಿದ್ದ.

“ಕಾಗದ ಮಾತ್ರ ಬೇಗ ಕಳಿಸಿ. ಅಚ್ಚಿನವರು ಕಾಯ್ತಿದ್ದಾರೆ. ನನಗೇನೂ ಅನುಮಾನ ಇಲ್ಲ, ಆದ್ರೆ ನಿಯಮ ಎಲ್ಲರಿಗೂ ಒಂದೇ. ಹೋದ ವರ್ಷ ಒಬ್ಬರು ಗುಂಡುಸೂಜಿ ಚುಚ್ಚಿ ತೆಗೆದಿದ್ರು, ಕೈಬಿಟ್ವಿ. ಇನ್ನೊಂದು ಮಾತು. ಮುಂದಿನ ತಿಂಗಳಿಂದ ಶಾಲೆ ಮಕ್ಕಳನ್ನ ಭಾನುವಾರ ಕಾಲುವೆ ಕಡೆ ಕರ್ಕೊಂಡು ಹೋಗ್ಬೇಕು. ನೀವೇ ಹೇಳಿಕೊಡ್ಬೇಕು. ಮುಟ್ಟದೆ ನೋಡೋದು ಹೇಗೆ ಅಂತ.”

ಡಾಕ್ಟರು ಹೋದ ಮೇಲೆ ಮಗಳು ಕುಣಿದಳು. ಗಂಡ ಮೊಳೆಯನ್ನೂ ಹೊಡೆಯಲಿಲ್ಲ, ಫೋಟೋವನ್ನು ಗೋಡೆಗೆ ಮುಖ ಮಾಡಿ ಒರಗಿಸಿಟ್ಟ. “ನಾಳೆ ಹಾಕೋಣ. ಈಗ ಹೊಡೆದ್ರೆ ಸುಣ್ಣ ಉದುರುತ್ತೆ.”

ಆ ಭಾನುವಾರ ಅವನು ಹೊರಗೆ ಹೋಗಲಿಲ್ಲ. ಮರುವಾರವೂ ಇಲ್ಲ. ಕ್ಯಾಮೆರಾ ಮೊಳೆಗೆ ತೂಗುಹಾಕಿದ್ದು ಹಾಗೇ ಇತ್ತು. ಇಷ್ಟು ದಿನ ಭಾನುವಾರ ಗಂಡ ಮನೆಯಲ್ಲಿರಲೆಂದು ಹಂಬಲಿಸಿದ್ದ ಟೇಲರಕ್ಕನಿಗೆ ಅವನು ಮನೆಯಲ್ಲಿರುವುದೆಂದರೆ ಏನೆಂದು ಈಗ ತಿಳಿಯಿತು. ಅವನು ಬಾಗಿಲ ಚಿಲಕ ಬಿಚ್ಚಿದ. ಸರಿಯಿದ್ದ ನಲ್ಲಿಯನ್ನು ಬಿಚ್ಚಿ, ಸೋರುವಂತೆ ಮಾಡಿ, ಮತ್ತೆ ಸರಿಮಾಡಿದ. ಅವಳ ಮೆಷಿನ್ನಿಗೆ ಎಣ್ಣೆ ಬಿಟ್ಟು ಬಿಳಿ ಬಟ್ಟೆಯ ಮೇಲೆಲ್ಲ ಕಲೆ ಮಾಡಿದ. ಅಡುಗೆಮನೆಯಲ್ಲಿ ನಿಂತು, ಆಲೂಗಡ್ಡೆಯನ್ನು ಇಷ್ಟು ದಪ್ಪ ಹೆಚ್ಚುತ್ತಾರೆಯೇ ಎಂದು ಕೇಳಿದ.

“ಹೊರಗೆ ಹೋಗೋ ಮಾರಾಯ!” ಎಂದು ಅತ್ತೆ ಕೊನೆಗೆ ಕೈಮುಗಿದಳು. “ಯಾವುದಾದ್ರೂ ಪೊದೆಯಲ್ಲಿ ಬಿದ್ಕೋ ಹೋಗು. ನಿನ್ನ ಹೆತ್ತ ತಪ್ಪಿಗೆ ನಾನು ಯಾಕೆ ಇನ್ನೊಂದು ಸಲ ಸಾಕ್ಬೇಕು?”

“ಮನೇಲಿರಲ್ಲ ಅಂದ್ರೂ ಬೈತೀರಿ, ಇದ್ರೂ ಬೈತೀರಿ,” ಎಂದು ಅವನು ಸ್ಕ್ರೂಡ್ರೈವರ್ ಹುಡುಕತೊಡಗಿದ.

ಅಚ್ಚಿನವರ ಗಡುವಿಗೆ ಕೆಲವೇ ದಿನ ಉಳಿದಿದ್ದಾಗ, ಮತ್ತೊಂದು ಭಾನುವಾರದ ಬೆಳಿಗ್ಗೆ, ಅವನು ಫ್ರಿಜ್ಜಿಗೇ ಕೈ ಹಾಕಿದ. ಬಾಗಿಲಿನ ರಬ್ಬರು ಬದಲಿಸಬೇಕಂತೆ. ಒಳಗಿನದನ್ನೆಲ್ಲ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟ: ಹಾಲು, ಮೊಟ್ಟೆ, ಅರ್ಧ ಎಲೆಕೋಸು. ಆಮೇಲೆ ಡಬ್ಬಿ. ಅದನ್ನೂ ಇಟ್ಟ, ಮೊಟ್ಟೆಯ ಪಕ್ಕದಲ್ಲಿ, ಏನೂ ಕೇಳದೆ.

ಟೇಲರಕ್ಕ ಪರದೆಯ ಅಂಚು ಮಡಿಸುತ್ತಿದ್ದವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದುಬಂದಳು. ಇವತ್ತಿಲ್ಲದಿದ್ದರೆ ಇನ್ನಿಲ್ಲ.

“ರೀ, ಒಂದು ಮಾತು ಹೇಳ್ಬೇಕು.”

“ಆ ಬಟ್ಟೆ ಕೊಡು.”

“ಆಮೇಲೆ ಕೊಡ್ತೀನಿ. ಆ ಚಿಟ್ಟೆ ತಾನಾಗೇ ಬರ್ಲಿಲ್ಲ. ನಾನು ಹಿಡಿದೆ. ಈ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಲ್ಲಿಟ್ಟೆ. ಬೆಳಿಗ್ಗೆ ನಾನೇ ಗಿಡದ ಮೇಲೆ ಕೂರಿಸ್ದೆ. ಅಕ್ಕನ ಮನೆಗೆ ಹೋಗೋಕೆ ಹೊತ್ತಾಗುತ್ತೆ ಅಂತ. ಸಂಜೆಗೆ ಅದು ಸತ್ತೂ ಹೋಯ್ತು.”

ಅವನು ಹಳೆಯ ರಬ್ಬರನ್ನು ಬಾಗಿಲಿನಿಂದ ನಿಧಾನಕ್ಕೆ ಸುಲಿಯುತ್ತಲೇ ಇದ್ದ. ಪೂರ್ತಿ ಬಿಡಿಸಿ ನೆಲಕ್ಕೆ ಹಾಕಿದ. ಆಮೇಲೆ ಹಾಲಿನ ಬಾಟಲಿಯನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದ. ಗಾಜಿನ ಮೇಲೆ ಸಣ್ಣ ಹನಿಗಳು ಮೂಡಿದ್ದವು.

“ಇದೇನು?”

“ನೀರು.”

“ಬೆವರು. ತಣ್ಣಗಿರೋದನ್ನ ಹೊರಗೆ ತೆಗೆದ್ರೆ ಹೀಗೆ ಬೆವರುತ್ತೆ. ಹುಟ್ಟಿದಾಗಿಂದ ನಾನು ಮಾಡಿದ್ದು ಇದೊಂದೇ ಕೆಲಸ ಕಣೇ, ಫ್ರಿಜ್ಜಿನ ಬಾಗಿಲು ತೆಗೆಯೋದು. ಅವತ್ತು ಗಿಡದ ಎಲೆಗಳೆಲ್ಲ ಒಣ, ಚಿಟ್ಟೆ ಮಾತ್ರ ಒದ್ದೆ. ನನಗೆ ಇಬ್ಬನಿ ಯಾವುದು, ಬೆವರು ಯಾವುದು ಗೊತ್ತಾಗಲ್ವಾ?”

ಟೇಲರಕ್ಕ ಅಲ್ಲೇ ನೆಲದ ಮೇಲೆ, ಮೊಟ್ಟೆಗಳ ಪಕ್ಕದಲ್ಲಿ ಕೂತಳು.

“ಯಾವಾಗ ಗೊತ್ತಾಯ್ತು?”

“ಅವತ್ತೇ. ಮಗಳ ಕಂಪ್ಯೂಟರಲ್ಲಿ ದೊಡ್ಡದು ಮಾಡಿ ನೋಡ್ದಾಗ.”

“ಗೊತ್ತಿದ್ದೂ ಕಳಿಸಿದ್ರಾ?”

“ಚೆನ್ನಾಗಿ ಬಂದಿತ್ತು,” ಎಂದ ಅವನು. ಬಾಟಲಿಯನ್ನು ಕೆಳಗಿಟ್ಟ. “ಕಳಿಸ್ದೆ. ಆಮೇಲೆ ಕಥೆ ಹೇಳ್ತಾ ಹೇಳ್ತಾ ನನಗೇ ನಿಜ ಅನ್ನಿಸ್ಬಿಡ್ತು. ಆ ಕಾಗದ ಬರೋ ತನಕ.”

“ನನ್ನನ್ನ ಯಾಕೆ ಒಂದು ಮಾತು ಕೇಳ್ಲಿಲ್ಲ?”

“ಕೇಳಿದ್ರೆ ನೀನು ನಿಜ ಹೇಳ್ಬಿಡ್ತಿದ್ದೆ.”

ಅಷ್ಟು ಹೊತ್ತು ಅಳು ಬರುವಂತಿದ್ದವಳಿಗೆ ಈಗ ಸಿಟ್ಟು ನೆತ್ತಿಗೇರಿತು. “ಹಾಗಾದ್ರೆ ಇಷ್ಟು ದಿನ ನಾನೊಬ್ಬಳೇ ಒಳಗೊಳಗೇ ಸತ್ತೆನಾ? ಎರಡು ಎಡಗೈ ಹೊಲಿದೆ! ಹಾಲು ಉಕ್ಕಿಸಿದೆ! ನೀವು ಗೊತ್ತಿದ್ದೂ ಆಲೂಗಡ್ಡೆ ದಪ್ಪ ಆಯ್ತು ಅಂತ ಹೇಳ್ಕೊಂಡು ತಿರುಗ್ತಿದ್ರಾ?”

“ನಾನೇನು ಆರಾಮಾಗಿದ್ದೆನಾ? ನಲ್ಲಿ ಬಿಚ್ಚಿದ್ದು ಯಾಕೆ ಅಂದ್ಕೊಂಡೆ?”

“ನಲ್ಲಿಗೂ ಚಿಟ್ಟೆಗೂ ಏನು ಸಂಬಂಧ!”

“ಕೂಗಾಡ್ಬೇಡಿ,” ಎಂದು ಅತ್ತೆ ಹೊಸ್ತಿಲಲ್ಲಿ ಬಂದು ನಿಂತಳು. “ಒಬ್ಬಳು ಕದ್ದಳು, ಒಬ್ಬ ಮಾರಿದ, ಒಬ್ಬಳು ನೋಡಿಯೂ ಸುಮ್ಮನಿದ್ದಳು. ಮನೆ ತುಂಬ ಕಳ್ಳರೇ. ಒಳ್ಳೆಯವಳು ಅಂದ್ರೆ ಆ ಹುಡುಗಿ ಒಬ್ಬಳು, ಅವಳು ಈಗ ಸ್ನಾನ ಮುಗಿಸಿ ಬರ್ತಾಳೆ. ಏನು ಹೇಳ್ತೀರೋ ನೀವೇ ಹೇಳಿ.”

ಮಗಳು ಒದ್ದೆ ಕೂದಲಿನಲ್ಲಿ ಬಂದು ಎಲ್ಲ ಕೇಳಿದಳು. ಕೇಳಿ ಕುರ್ಚಿಯಲ್ಲಿ ಕುಸಿದಳು. “ಅಂಗಡಿಗೆ ಬರೋರಿಗೆಲ್ಲ ಹೇಳಿದ್ದೀನಿ ಅಮ್ಮಾ. ಕೆಮ್ಮಿನ ಔಷಧಿ ತಗೊಳೋಕೆ ಬಂದವರಿಗೂ ಹೇಳಿದ್ದೀನಿ. ನಾಳೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ?” ಆಮೇಲೆ, ಬಿಸಿ ಇಳಿದ ದನಿಯಲ್ಲಿ ತಾನೇ ಕೇಳಿದಳು, “ಬರೀದೇ ಇದ್ರೆ ಏನಾಗುತ್ತೆ? ಬೇರೆ ಫೋಟೋ ಹಾಕ್ತಾರೆ, ಅಷ್ಟೇ ತಾನೆ? ಕಾರಣ ಯಾರೂ ಕೇಳಲ್ಲ.”

ಗಂಡ ಕೈ ಒರೆಸಿಕೊಂಡು ಎದ್ದ. “ಡಾಕ್ಟರು ಮಕ್ಕಳನ್ನ ನನ್ನ ಕೈಗೆ ಕೊಡ್ತೀನಿ ಅಂದಿದ್ದಾರೆ. ಮುಟ್ಟದೆ ನೋಡೋದು ಹೇಗೆ ಅಂತ ನಾನು ಹೇಳಿಕೊಡ್ಬೇಕಂತೆ.” ಅವನು ಚೀಲದಿಂದ ಗ್ರೀಸಿನ ಕಾಗದವನ್ನು ತೆಗೆದು ಅದರ ಮಡಿಕೆ ಬಿಡಿಸಿದ. “ಹೊಸ ಹಾಳೆ ಇದ್ರೆ ಕೊಡು ಮಗಾ.”

ಬರೆಯುವುದೇ ಒಂದು ಜಗಳವಾಯಿತು. ಮೊದಲು ಅವನು ಬರೆದದ್ದು, ಚಿಟ್ಟೆಯನ್ನು ನಾನೇ ಹಿಡಿದು ಫ್ರಿಜ್ಜಿನಲ್ಲಿಟ್ಟೆ, ಎಂದು.

ಟೇಲರಕ್ಕ ಭುಜದ ಮೇಲಿಂದ ಓದಿದಳು. “ಇದೂ ಸುಳ್ಳೇ ಅಲ್ವಾ?”

“ನಿನ್ನ ಹೆಸರು ಯಾಕೆ ಎಳೀಬೇಕು? ಊರೆಲ್ಲ ನಗುತ್ತೆ.”

“ನಗ್ಲಿ. ಒಂದು ಸುಳ್ಳು ತೆಗೆಯೋಕೆ ಕೂತು ಇನ್ನೊಂದು ಸುಳ್ಳು ಹೊಲೀಬೇಡಿ. ತೇಪೆ ಯಾವತ್ತಿದ್ರೂ ಕಾಣುತ್ತೆ, ಅದು ನನ್ನ ಕೆಲಸ, ನನಗೆ ಗೊತ್ತು.”

ಹಾಳೆ ಹರಿದ. ಎರಡನೆಯದರಲ್ಲಿ, ಹಿಡಿದವಳು ನನ್ನ ಹೆಂಡತಿ, ಎಂದು ಬರೆದು ಪೆನ್ನು ಬಿಟ್ಟ. ದೂರು ಕೊಟ್ಟ ಹಾಗಿದೆ, ಆಗಲ್ಲ ಎಂದ. ಮೂರನೆಯದನ್ನು ಅವಳೇ ಎಳೆದುಕೊಂಡಳು. ಹಿಡಿದದ್ದು ನಾನು, ಎಂದು ತನ್ನ ದುಂಡನೆಯ ಅಕ್ಷರದಲ್ಲಿ ಒಂದು ಸಾಲು ಬರೆದು ಹಾಳೆಯನ್ನು ಅವನ ಕಡೆಗೆ ತಳ್ಳಿದಳು. ಅವನು ಅದರ ಕೆಳಗೆ, ಗೊತ್ತಾದ ಮೇಲೂ ಕಳಿಸಿದ್ದು ನಾನು, ಎಂದು ಬರೆದ. ಆಮೇಲೆ ಇಬ್ಬರೂ ಸೇರಿ ಮಿಕ್ಕದ್ದು ಬರೆದರು: ಚಿತ್ರದಲ್ಲಿರುವುದು ಇಬ್ಬನಿಯಲ್ಲ, ನಮ್ಮ ಮನೆಯ ಫ್ರಿಜ್ಜಿನ ಬೆವರು. ಚಿಟ್ಟೆ ಅದೇ ದಿನ ಸತ್ತಿತು. ಕ್ಯಾಲೆಂಡರಿಗೆ ಬೇರೆ ಚಿತ್ರ ಹಾಕಿ. ಮಕ್ಕಳನ್ನು ಬೇರೆಯವರ ಕೈಗೆ ಕೊಡಿ. ಎರಡು ಸಹಿ ಬಿದ್ದವು.

“ನನ್ನದೂ ಒಂದು ಹಾಕ್ಲಾ?” ಎಂದಳು ಅತ್ತೆ.

“ನೀವು ಏನು ಮಾಡಿದ್ರಿ ಅಜ್ಜಿ?”

“ಮುಚ್ಚಳ ಮುಚ್ಚಿಟ್ಟೆ.”

ಮಗಳು ನಗಬಾರದೆಂದುಕೊಂಡೂ ನಕ್ಕುಬಿಟ್ಟಳು. ಲಕೋಟೆಯ ಮೇಲೆ ವಿಳಾಸ ಅವಳೇ ಬರೆದಳು.

ಮಧ್ಯಾಹ್ನ ಫ್ರಿಜ್ಜಿಗೆ ಹೊಸ ರಬ್ಬರು ಕೂತಿತು. ಉಂಡು, ಪಾತ್ರೆ ತೊಳೆದಿಟ್ಟು, ಗಂಡ ಹೆಂಡತಿ ಸ್ಕೂಟರಿನಲ್ಲಿ ಹೊರಟರು. ಅಕ್ಕನ ಇನ್ನೊಂದು ಕಣ್ಣಿಗೂ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ್ದರು, ನೋಡಿಕೊಂಡು ಬರಬೇಕಿತ್ತು. ಅಂಚೆ ಪೆಟ್ಟಿಗೆ ದಾರಿಯಲ್ಲೇ, ಬೀಗ ಹಾಕಿದ ಬೇಕರಿಯ ಮುಂದಿತ್ತು.

ಗಂಡ ಇಳಿದು ಹೋಗಿ ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ತೂರಿಸಿದ. ಅಲ್ಲೇ ನಿಂತ. ಬೆರಳ ತುದಿಯಲ್ಲಿ ಕಾಗದದ ಅಂಚು ಇನ್ನೂ ಇತ್ತು.

ಟೇಲರಕ್ಕ ಸ್ಕೂಟರು ಹಿಡಿದುಕೊಂಡು ಕಾದಳು. ಹಿಂದಿನಿಂದ ಬಂದ ಒಬ್ಬ ಸೈಕಲ್ಲಿನವನು ಗಂಟೆ ಬಾರಿಸಿ, “ಏನ್ ಫ್ರಿಜ್ಜಣ್ಣ, ಕ್ಯಾಲೆಂಡರ್ ಯಾವಾಗ?” ಎಂದು ಕೂಗಿಕೊಂಡು ಹೋದ. ಗಂಡ ತಿರುಗಲಿಲ್ಲ. ಅವನ ಕತ್ತಿನ ಹಿಂದೆ ಬೆವರು ಹನಿಹನಿಯಾಗಿ ನಿಂತದ್ದು ಅವಳಿಗೆ ಕಂಡಿತು.

ಅವಳು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಪಕ್ಕಕ್ಕೆ ಬಂದು ನಿಂತಳು.

“ಹಿಡ್ಕೊಂಡಿದ್ದು ಸಾಕು ರೀ,” ಎಂದಳು. “ಬಿಡಿ.”

ಅವನು ಬಿಟ್ಟ. ಒಳಗೆ ಬೇರೆ ಯಾರದೋ ಕಾಗದಗಳ ಮೇಲೆ ಅದು ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.